ಮಿದುಳಿನ ಸೂಕ್ಷ್ಮ ರಚನೆ, ಅದು ಬಳಸುವ ಶಕ್ತಿ: ಎಂಆರ್‌ಐ ಎರಡನ್ನೂ ಅಳೆಯುತ್ತದೆಯೇ?

ಓದುಗರ ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ತಂಗಿಗೆ ಎಂಎಸ್, ಅಂದರೆ ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ ಇದೆ. ಈ ಸಲದ ಎಂಆರ್‌ಐ ರಿಪೋರ್ಟ್‌ನಲ್ಲಿ ಹೊಸ ಲೀಶನ್ (ಹಾನಿಯಾದ ಮಚ್ಚೆ) ಇಲ್ಲ ಎಂದು ಬಂದಿದೆ. ಆದರೂ ಅವಳಿಗೆ ವಿಪರೀತ ಸುಸ್ತು. ಮಿದುಳಿನ ಸೂಕ್ಷ್ಮ ರಚನೆ, ಅದು ಬಳಸುವ ಶಕ್ತಿ ಎರಡನ್ನೂ ಎಂಆರ್‌ಐನಲ್ಲೇ ಅಳೆದು ಹೋಲಿಸುವ ಸಂಶೋಧನೆ ನಡೆಯುತ್ತಿದೆ ಎಂದು ಓದಿದೆ. ಇದು ಹೇಗೆ ಸಾಧ್ಯ? ನನ್ನ ತಂಗಿಗೆ ಇದರಿಂದ ಏನಾದರೂ ಉಪಯೋಗ ಆಗುತ್ತದೆಯೇ?

ಉತ್ತರ:

ಮೊದಲು ನಿಮ್ಮ ತಂಗಿಯ ವಿಷಯ. ರಿಪೋರ್ಟ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಸುಸ್ತು ಸುಳ್ಳಾಗುವುದಿಲ್ಲ. ಮಾಮೂಲಿ ಎಂಆರ್‌ಐ ಲೀಶನ್ ಎಲ್ಲಿದೆ, ಎಷ್ಟಿದೆ, ಹೊಸದೇ ಹಳೆಯದೇ, ಮಿದುಳು ಕುಗ್ಗಿದೆಯೇ ಎಂದು ಹೇಳುತ್ತದೆ. ಲೀಶನ್ ಇಲ್ಲದ ಜಾಗದಲ್ಲಿ ನರಕೋಶಗಳು ಹೇಗೆ ಬದುಕುತ್ತಿವೆ ಎಂಬುದನ್ನು ಅದು ನೋಡುವುದೇ ಇಲ್ಲ. ಎಂಎಸ್ ಇರುವವರ ಸುಸ್ತಿಗೂ ಲೀಶನ್‌ಗಳ ಎಣಿಕೆಗೂ ಸರಿಯಾಗಿ ತಾಳೆ ಆಗುವುದಿಲ್ಲ ಎಂಬುದು ನರರೋಗ ವೈದ್ಯರಿಗೆಲ್ಲ ಗೊತ್ತಿರುವ ಮಾತು.

ನೀವು ಓದಿದ ಸಂಶೋಧನೆ ನಿಜ. ಎಂಆರ್‌ಐನಿಂದ ರಚನೆಯನ್ನೂ ಅಳೆಯಬಹುದು, ಶಕ್ತಿ ಬಳಕೆಯನ್ನೂ ಅಳೆಯಬಹುದು. ಆದರೆ ಎರಡೂ ನೇರವಾಗಿ ಕಾಣುವ ಸಂಗತಿಗಳಲ್ಲ, ಲೆಕ್ಕದಿಂದ ಬರುವ ಅಂದಾಜುಗಳು. ಆರೋಗ್ಯವಂತರ ಮಿದುಳಿನಲ್ಲಿ ಈ ಎರಡೂ ಒಂದಕ್ಕೊಂದು ಹೊಂದಿದರೆ ಅದರಿಂದ ಹೊಸದಾಗಿ ತಿಳಿಯುವುದು ಸ್ವಲ್ಪವೇ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಹುಡುಕಬೇಕು ಎಂಬುದು ನನ್ನ ನಂಬಿಕೆ. ಕೋಶಗಳು ಇವೆ, ಆದರೆ ಇರಬೇಕಾದಷ್ಟು ಶಕ್ತಿ ಬಳಸುತ್ತಿಲ್ಲ ಎಂದರೆ ಅಲ್ಲಿ ಉಳಿಸಿಕೊಳ್ಳಲು ಇನ್ನೂ ಏನೋ ಇದೆ ಎಂದು ಅರ್ಥ.

ಮಿದುಳಿನ ತೂಕ ಸುಮಾರು 1.4 ಕಿಲೋ, ದೇಹದ ತೂಕದ ಶೇ. 2ರಷ್ಟು. ನಾವು ಸುಮ್ನೆ ಕೂತಿದ್ದಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20 ಅದೊಂದಕ್ಕೇ ಹೋಗುತ್ತದೆ. 1940ರ ದಶಕದಲ್ಲಿ ಅಮೆರಿಕದ ಸೀಮೋರ್ ಕೆಟಿ ಮತ್ತು ಕಾರ್ಲ್ ಸ್ಮಿತ್ ಇದನ್ನು ಜೀವಂತ ಮನುಷ್ಯರಲ್ಲಿ ಅಳೆದರು. ನೈಟ್ರಸ್ ಆಕ್ಸೈಡ್ ಅನಿಲವನ್ನು ಉಸಿರಾಡಲು ಕೊಟ್ಟು, ಅಪಧಮನಿಯ ರಕ್ತವನ್ನೂ ಕುತ್ತಿಗೆಯ ಮೇಲ್ಭಾಗದ ಅಭಿಧಮನಿಯ ರಕ್ತವನ್ನೂ ತೆಗೆದು ಹೋಲಿಸಿದರು. 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ, ಅದರಿಂದ ಸುಮಾರು 3.5 ಮಿಲಿಲೀಟರ್ ಆಕ್ಸಿಜನ್ ಖರ್ಚಾಗುತ್ತದೆ ಎಂದು ಗೊತ್ತಾಯಿತು. ಇವತ್ತಿಗೂ ಎಂಆರ್‌ಐ ಅಳತೆ ಈ ಅಂಕಿಗಳ ಹತ್ತಿರ ಬಂತೇ ಎಂದು ನಾವು ನೋಡುತ್ತೇವೆ. 1955ರಲ್ಲಿ ಲೂಯಿ ಸೊಕೊಲಾಫ್ ಮತ್ತು ಜೊತೆಗಾರರು ಜನರಿಂದ ಮನಸ್ಸಿನಲ್ಲೇ ಲೆಕ್ಕ ಮಾಡಿಸಿ ಇದೇ ಅಳತೆ ಮಾಡಿದರು. ಇಡೀ ಮಿದುಳಿನ ಆಕ್ಸಿಜನ್ ಖರ್ಚು ಬದಲಾಗಲೇ ಇಲ್ಲ. ಮಿದುಳಿನ ದೊಡ್ಡ ಖರ್ಚು ಯೋಚನೆ ಮಾಡುವ ಹೊತ್ತಿನದಲ್ಲ, ಇಪ್ಪತ್ತನಾಲ್ಕು ಗಂಟೆ ನಡೆಯುವ ಖರ್ಚು.

ಈ ಖರ್ಚು ಎಲ್ಲಿಗೆ ಹೋಗುತ್ತದೆ? ಇದನ್ನು ನೀವೇ ಮಕ್ಕಳಿಗೆ ಪಾಠ ಮಾಡಿರುತ್ತೀರಿ. ಸೋಡಿಯಂ-ಪೊಟ್ಯಾಸಿಯಂ ಪಂಪ್. ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ 3 ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ನರಕೋಶ ಒಂದು ಸಂದೇಶ ಕಳಿಸಿದರೆ ಸೋಡಿಯಂ ಒಳನುಗ್ಗುತ್ತದೆ, ಪಂಪ್ ಅದನ್ನು ಮತ್ತೆ ಹೊರಗೆ ಹಾಕಬೇಕು. 2001ರಲ್ಲಿ ಡೇವಿಡ್ ಆಟ್‌ವೆಲ್ ಮತ್ತು ಸೈಮನ್ ಲಾಫ್ಲಿನ್ ಗ್ರೇ ಮ್ಯಾಟರ್‌ನ, ಅಂದರೆ ನರಕೋಶಗಳ ದೇಹಗಳಿರುವ ಬೂದು ಭಾಗದ, ಈ ಖರ್ಚನ್ನು ಬಾಬ್ತು ಬಾಬ್ತಾಗಿ ಲೆಕ್ಕ ಹಾಕಿದರು. ನರಕೋಶ ಸುಮ್ನೆ ಬದುಕಿರಲು ಬೇಕಾದದ್ದಕ್ಕಿಂತ ಸಂದೇಶ ಕಳಿಸಲು, ಸಿನಾಪ್ಸ್‌ಗಳಲ್ಲಿ (ಎರಡು ನರಕೋಶಗಳು ಕೂಡುವ ಜಾಗ) ಅದನ್ನು ಪಡೆಯಲು ಆಗುವ ಖರ್ಚೇ ಬಹಳ ಜಾಸ್ತಿ ಎಂದು ತೋರಿಸಿದರು. ಸಸ್ತನಿಗಳ ನರಗಳು ಅವರು ಊಹಿಸಿದ್ದಕ್ಕಿಂತ ಮಿತವ್ಯಯಿಗಳು ಎಂದು ಆಮೇಲೆ ಗೊತ್ತಾಯಿತು. ಅದರಿಂದ ಸಂದೇಶ ಕಳಿಸುವ ಪಾಲು ಇಳಿದು, ಸಿನಾಪ್ಸ್‌ನ ಪಾಲು ಇನ್ನೂ ಏರಿತು. ನರತಂತುಗಳೇ ತುಂಬಿರುವ ವೈಟ್ ಮ್ಯಾಟರ್‌ನಲ್ಲಿ ಸಿನಾಪ್ಸ್ ಕಡಿಮೆ. ಅದರ ಖರ್ಚು ಗ್ರೇ ಮ್ಯಾಟರ್‌ನ ಮೂರನೇ ಒಂದು ಭಾಗದಷ್ಟೇ.

ಹಾಗಾದರೆ ರಚನೆ ಮತ್ತು ಶಕ್ತಿಯ ಸಂಬಂಧ ಕೇಳುವವರು ಸಿನಾಪ್ಸ್ ಎಣಿಸಬೇಕು, ಅಲ್ವಾ? ತೊಂದರೆ ಇರುವುದೇ ಅಲ್ಲಿ. 2024ರಲ್ಲಿ ಹಾರ್ವರ್ಡ್ ಮತ್ತು ಗೂಗಲ್‌ನವರು ಮನುಷ್ಯನ ಕಾರ್ಟೆಕ್ಸ್‌ನ (ಮಿದುಳಿನ ಹೊರಪದರ) ಸುಮಾರು ಒಂದು ಘನ ಮಿಲಿಮೀಟರ್ ತುಣುಕನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಪೂರ್ತಿ ನಕ್ಷೆ ಮಾಡಿದರು. ಅಷ್ಟು ಜಾಗದಲ್ಲಿ ಸುಮಾರು 57,000 ಕೋಶಗಳು, 15 ಕೋಟಿ ಸಿನಾಪ್ಸ್‌ಗಳು, 23 ಸೆಂಟಿಮೀಟರ್ ಉದ್ದದಷ್ಟು ರಕ್ತನಾಳ. ನಮ್ಮ ಎಂಆರ್‌ಐನ ಒಂದು ಚುಕ್ಕಿ ಎರಡು-ಮೂರು ಮಿಲಿಮೀಟರ್ ಅಗಲದ ಘನ. ಅದರೊಳಗೆ ಇಂಥ ಎಂಟೋ ಇಪ್ಪತ್ತೇಳೋ ತುಣುಕುಗಳು ಹಿಡಿಸುತ್ತವೆ. ಆ ಅಷ್ಟಕ್ಕೂ ಸೇರಿ ಒಂದೇ ಒಂದು ಸಿಗ್ನಲ್ ಬರುತ್ತದೆ.

ಆ ಒಂದು ಸಿಗ್ನಲ್‌ನಿಂದ ಒಳಗಿನ ರಚನೆ ತಿಳಿಯಲು ನಾವು ನೀರಿನ ಅಣುಗಳ ಸಹಾಯ ಪಡೆಯುತ್ತೇವೆ. ನೀರಿನ ಅಣು ಸುಮ್ನೆ ಇರುವುದಿಲ್ಲ. ದೇಹದ ಬಿಸಿಯಲ್ಲಿ, ಅಡ್ಡಿ ಇಲ್ಲದಿದ್ದರೆ, ಒಂದು ದಿಕ್ಕಿನಲ್ಲಿ 50 ಮಿಲಿಸೆಕೆಂಡ್‌ಗೆ ಸುಮಾರು 17 ಮೈಕ್ರೋಮೀಟರ್ ಅಲೆದಾಡುತ್ತದೆ. ನರಕೋಶದ ಗಾತ್ರವೂ ಹೆಚ್ಚುಕಮ್ಮಿ ಇದೇ ಅಳತೆಯದು. ಹಾಗಾಗಿ ಅಲೆದಾಡುವ ನೀರು ಕೋಶದ ಗೋಡೆಗಳಿಗೆ ತಾಗುತ್ತದೆ, ಅವು ಅದನ್ನು ತಡೆಯುತ್ತವೆ. ಡಿಫ್ಯೂಷನ್ ಎಂಆರ್‌ಐ ಅಳೆಯುವುದು ಈ ತಡೆಯನ್ನು. ನರಕೋಶದ ಎಳೆಗಳಾದ ಆಕ್ಸಾನ್, ಡೆಂಡ್ರೈಟ್‌ಗಳನ್ನು ತೆಳು ಕಡ್ಡಿಗಳೆಂದೂ, ಕೋಶದ ದೇಹ ಅಂದರೆ ಸೋಮಾವನ್ನು ಗೋಳವೆಂದೂ, ಉಳಿದದ್ದನ್ನು ಕೋಶಗಳ ನಡುವಿನ ಜಾಗವೆಂದೂ ಹಿಡಿದು, ಯಾವುದು ಎಷ್ಟಿದ್ದರೆ ಈ ಸಿಗ್ನಲ್ ಬರುತ್ತದೆ ಎಂದು ಲೆಕ್ಕ ಹಾಕುತ್ತೇವೆ. 2020ರಲ್ಲಿ ಮಾರ್ಕೊ ಪಲೊಂಬೊ ಮತ್ತು ಜೊತೆಗಾರರು ಪ್ರಕಟಿಸಿದ ‘ಸ್ಯಾಂಡಿ’ ಮಾದರಿ ಹೀಗೆಯೇ ಕೆಲಸ ಮಾಡುತ್ತದೆ. ಅದಕ್ಕೂ ಮುಂಚಿನ ಮಾದರಿಗಳಲ್ಲಿ ಗೋಳಕ್ಕೆ ಜಾಗವೇ ಇರಲಿಲ್ಲ. ಅವು ವೈಟ್ ಮ್ಯಾಟರ್‌ಗೆ ಸರಿ ಹೊಂದುತ್ತಿದ್ದವು, ಗ್ರೇ ಮ್ಯಾಟರ್‌ನಲ್ಲಿ ಎಡವುತ್ತಿದ್ದವು. ಇದಕ್ಕೆ ಬಲವಾದ ಗ್ರೇಡಿಯಂಟ್, ಅಂದರೆ ಜಾಗದಿಂದ ಜಾಗಕ್ಕೆ ಬದಲಾಗುವ ಕಾಂತಕ್ಷೇತ್ರ ಬೇಕು. ಆಸ್ಪತ್ರೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಮೀಟರ್‌ಗೆ 40ರಿಂದ 80 ಮಿಲಿಟೆಸ್ಲಾ ಇರುತ್ತದೆ. ಕಾರ್ಡಿಫ್‌ನಂಥ ಕೆಲವೇ ಕಡೆ ಇರುವ ‘ಕನೆಕ್ಟೋಮ್’ ಯಂತ್ರದಲ್ಲಿ 300 ಇದೆ. ಆಸ್ಪತ್ರೆಯ 3 ಟೆಸ್ಲಾ ಯಂತ್ರಗಳಲ್ಲೂ ಈ ಅಳತೆಯನ್ನು ಮಾಡಿ ತೋರಿಸಿದ್ದಾರೆ, ಅಂದಾಜು ಸ್ವಲ್ಪ ಒರಟಾಗುತ್ತದೆ.

ಇದು ಯಾವುದೂ ಸಿನಾಪ್ಸ್‌ನ ಎಣಿಕೆ ಅಲ್ಲ ಎಂಬುದನ್ನು ಗಮನಿಸಿ. ಸಿನಾಪ್ಸ್‌ಗಳ ಗಾತ್ರ ಒಂದು ಮೈಕ್ರೋಮೀಟರ್‌ಗೂ ಕಡಿಮೆ. ಡಿಫ್ಯೂಷನ್ ಎಂಆರ್‌ಐಗೆ ಅವು ಕಾಣುವುದಿಲ್ಲ.

ಈಗ ಶಕ್ತಿಯ ಕಡೆ. ಗದ್ದೆಗೆ ಕಾಲುವೆಯಿಂದ ಎಷ್ಟು ನೀರು ಬಂತು, ಕೆಳಗಿನ ಮಡೆಯಲ್ಲಿ ಎಷ್ಟು ಹೊರಹೋಯಿತು ಎಂದು ಗೊತ್ತಿದ್ದರೆ ಒಳಗೆ ಎಷ್ಟು ಉಳಿಯಿತು ಎಂದು ಹೇಳಬಹುದಲ್ಲ, ಇಲ್ಲೂ ಅದೇ ಲೆಕ್ಕ. ಒಳಬರುವ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 20 ಮಿಲಿಲೀಟರ್ ಆಕ್ಸಿಜನ್ ಇರುತ್ತದೆ. ಅದರಲ್ಲಿ ಶೇ. 35ರಷ್ಟನ್ನು ಮಿದುಳು ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. 50 ಮಿಲಿಲೀಟರ್ ರಕ್ತದಲ್ಲಿ 10 ಮಿಲಿಲೀಟರ್ ಆಕ್ಸಿಜನ್, ಅದರ ಶೇ. 35 ಅಂದರೆ 3.5. ಕೆಟಿ ಮತ್ತು ಸ್ಮಿತ್‌ಗೆ ಸಿಕ್ಕ ಅಂಕಿಯೇ ಬಂತು ನೋಡಿ.

ರಕ್ತ ಎಷ್ಟು ಹರಿಯಿತು ಎಂದು ತಿಳಿಯಲು ಇಂಜೆಕ್ಷನ್ ಕೂಡ ಬೇಡ. ಕುತ್ತಿಗೆಯಲ್ಲಿ ಹಾದುಹೋಗುವ ರಕ್ತದ ನೀರಿಗೆ ರೇಡಿಯೋ ತರಂಗದಿಂದ ಒಂದು ಗುರುತು ಹಾಕುತ್ತಾರೆ. ಎರಡು ಸೆಕೆಂಡ್‌ನಷ್ಟು ಕಾದು ಮಿದುಳಿನ ಚಿತ್ರ ತೆಗೆಯುತ್ತಾರೆ. ಗುರುತು ಹಾಕದೆ ಇನ್ನೊಂದು ಚಿತ್ರ ತೆಗೆಯುತ್ತಾರೆ. ಎರಡರ ವ್ಯತ್ಯಾಸವೇ ರಕ್ತದ ಹರಿವು. ಈ ವ್ಯತ್ಯಾಸ ಪೂರ್ತಿ ಸಿಗ್ನಲ್‌ನ ಶೇ. 1ರಷ್ಟು ಮಾತ್ರ. ಅದಕ್ಕೇ ಮತ್ತೆ ಮತ್ತೆ ತೆಗೆದು ಸರಾಸರಿ ಮಾಡಬೇಕು, ರೋಗಿ ತಲೆ ಅಲ್ಲಾಡಿಸಬಾರದು.

ಎಷ್ಟು ಆಕ್ಸಿಜನ್ ಉಳಿಯಿತು ಎಂಬುದು ಕಷ್ಟದ ಭಾಗ. ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಯಸ್ಕಾಂತಕ್ಕೆ ಬೇರೆ ರೀತಿ ವರ್ತಿಸುತ್ತದೆ ಎಂದು ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ಕಂಡುಕೊಂಡಿದ್ದರು. 1990ರಲ್ಲಿ ಸೇಜಿ ಒಗಾವಾ ಅದನ್ನು ಮಿದುಳಿನ ಚಿತ್ರಕ್ಕೆ ತಂದರು. ಬಣ್ಣಬಣ್ಣದ ಫಂಕ್ಷನಲ್ ಎಂಆರ್‌ಐ ಚಿತ್ರಗಳೆಲ್ಲ ಇದರಿಂದಲೇ ಬಂದವು. ಆದರೆ ಆ ಚಿತ್ರದಲ್ಲಿ ಹೊಳೆಯುವ ಜಾಗವನ್ನು ಶಕ್ತಿ ಖರ್ಚಾದ ಜಾಗ ಎಂದು ನೇರವಾಗಿ ಓದಬಾರದು. 1986ರಲ್ಲಿ ಪೀಟರ್ ಫಾಕ್ಸ್ ಮತ್ತು ಮಾರ್ಕಸ್ ರೈಕಲ್ ಪೆಟ್ ಸ್ಕ್ಯಾನ್‌ನಿಂದ (ವಿಕಿರಣ ಸೂಸುವ ವಸ್ತುವನ್ನು ದೇಹಕ್ಕೆ ಕೊಟ್ಟು ತೆಗೆಯುವ ಚಿತ್ರ) ತೋರಿಸಿದ್ದು ಹೀಗೆ: ಕೈಗೆ ಪ್ರಚೋದನೆ ಕೊಟ್ಟಾಗ ಆ ಭಾಗದ ರಕ್ತದ ಹರಿವು ಶೇ. 29ರಷ್ಟು ಏರಿತು, ಆಕ್ಸಿಜನ್ ಬಳಕೆ ಏರಿದ್ದು ಶೇ. 5ರಷ್ಟು ಮಾತ್ರ. ಹರಿವು, ಆಕ್ಸಿಜನ್ ಬಳಕೆ, ರಕ್ತನಾಳದ ಗಾತ್ರ ಎಲ್ಲ ಕಲಸಿಹೋದ ಸಿಗ್ನಲ್ ಅದು. ಬಿಡಿಸಲು ‘ಕ್ಯಾಲಿಬ್ರೇಟೆಡ್’ ಎಂಆರ್‌ಐ ಮಾಡುತ್ತಾರೆ. ಸ್ಕ್ಯಾನ್ ನಡೆಯುವಾಗ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಬೆರೆತ ಗಾಳಿ ಕೊಡುತ್ತಾರೆ. ಅದರಿಂದ ರಕ್ತದ ಹರಿವು ಏರುತ್ತದೆ, ಆಕ್ಸಿಜನ್ ಬಳಕೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಆ ಬದಲಾವಣೆಯಿಂದ ಲೆಕ್ಕಕ್ಕೆ ಬೇಕಾದ ಅಳತೆಗೋಲು ಸಿಗುತ್ತದೆ. ಇಡೀ ಮಿದುಳಿಗೆ ಒಂದೇ ಅಂಕಿ ಸಾಕು ಎಂದರೆ ಇನ್ನೂ ಸುಲಭ: ತಲೆಯ ಮೇಲ್ಭಾಗದಲ್ಲಿ ಹರಿಯುವ ದೊಡ್ಡ ಅಭಿಧಮನಿಯ ರಕ್ತದಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಎಂದು ಕೆಲವೇ ನಿಮಿಷಗಳಲ್ಲಿ ಅಳೆಯಬಹುದು.

ಇಲ್ಲಿ ನಮ್ಮ ಕಡೆಯವರು ಮರೆಯಬಾರದ ಒಂದು ಮಾತಿದೆ. ಈ ಲೆಕ್ಕವೆಲ್ಲ ಹಿಮೋಗ್ಲೋಬಿನ್ ಮೇಲೆ ನಿಂತಿದೆ. ರಕ್ತಹೀನತೆ ಇದ್ದರೆ ರಕ್ತದಲ್ಲಿ ಆಕ್ಸಿಜನ್ ಕಡಿಮೆ, ಅದನ್ನು ಸರಿದೂಗಿಸಲು ಹರಿವು ಜಾಸ್ತಿ, ಎಂಆರ್‌ಐ ಸಿಗ್ನಲ್ ಕೂಡ ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನ ಪ್ರಕಾರ ಭಾರತದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಯುರೋಪಿನಲ್ಲಿ ಹಿಡಿದ ಸರಾಸರಿ ಹಿಮೋಗ್ಲೋಬಿನ್ ಅಂಕಿಯನ್ನು ಇಲ್ಲಿ ಹಾಕಿದರೆ ಉತ್ತರ ತಪ್ಪುತ್ತದೆ. ಸ್ಕ್ಯಾನ್ ದಿನವೇ ರಕ್ತ ಪರೀಕ್ಷೆ ಮಾಡಲೇಬೇಕು. ಕಾಫಿಯೂ ಅಷ್ಟೇ. ಕೆಫೀನ್ ಮಿದುಳಿನ ರಕ್ತನಾಳಗಳನ್ನು ಬಿಗಿ ಮಾಡಿ ಹರಿವನ್ನು ಸಾಕಷ್ಟು ಇಳಿಸುತ್ತದೆ. ಆಗ ಮಿದುಳು ಉಳಿದ ರಕ್ತದಿಂದ ಜಾಸ್ತಿ ಆಕ್ಸಿಜನ್ ಹೀರಿಕೊಂಡು ತನ್ನ ಬಳಕೆಯನ್ನು ಕಾಪಾಡಿಕೊಳ್ಳುತ್ತದೆ. ಬೆಳಗಿನ ಫಿಲ್ಟರ್ ಕಾಫಿ ಕುಡಿದು ಬಂದವರಲ್ಲಿ ಹರಿವು ಮಾತ್ರ ಅಳೆದರೆ ಮಿದುಳು ಸೊರಗಿದೆ ಎಂದು ಕಾಣಬಹುದು.

ಎರಡೂ ನಕ್ಷೆಗಳು ಕೈಗೆ ಬಂದವು ಎಂದುಕೊಳ್ಳಿ. ಒಂದರಲ್ಲಿ ಕೋಶಗಳ ಸಾಂದ್ರತೆ, ಇನ್ನೊಂದರಲ್ಲಿ ಆಕ್ಸಿಜನ್ ಬಳಕೆ. ಕೋಶ ಜಾಸ್ತಿ ಇರುವಲ್ಲಿ ಖರ್ಚೂ ಜಾಸ್ತಿ ಎಂದು ಕಂಡರೆ ಕೋಶಗಳೇ ಖರ್ಚು ಮಾಡುತ್ತಿವೆ ಎನ್ನಬಹುದೇ? ಇಲ್ಲ. ಇದಕ್ಕೆ ಮಿದುಳಿನ ಹಿಂಭಾಗದಲ್ಲಿ ಕೆಳಗಿರುವ ಸೆರಿಬೆಲ್ಲಮ್ ಒಳ್ಳೆಯ ಉದಾಹರಣೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂದು 2009ರಲ್ಲಿ ಬ್ರೆಜಿಲ್‌ನ ತಂಡ ಎಣಿಸಿತು. ಅದರಲ್ಲಿ ಸುಮಾರು 6,900 ಕೋಟಿ ಸೆರಿಬೆಲ್ಲಮ್ ಒಂದರಲ್ಲೇ ಇವೆ, ಹೆಚ್ಚಿನವು ಪುಟ್ಟ ಗ್ರಾನ್ಯೂಲ್ ಕೋಶಗಳು. ಎಣಿಕೆಯಿಂದಲೇ ಖರ್ಚು ನಿರ್ಧಾರ ಆಗುವುದಿದ್ದರೆ ಮಿದುಳಿನ ಶಕ್ತಿಯ ಐದರಲ್ಲಿ ನಾಲ್ಕು ಪಾಲು ಅಲ್ಲಿಗೇ ಹೋಗಬೇಕಿತ್ತು. ಹೋಗುವುದಿಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ಸೆರಿಬೆಲ್ಲಮ್ ಕಾರ್ಟೆಕ್ಸ್‌ಗಿಂತ ಜಾಸ್ತಿ ಹೊಳೆಯುವುದೂ ಇಲ್ಲ. ಒಂದು ಗ್ರಾನ್ಯೂಲ್ ಕೋಶಕ್ಕೆ ಡೆಂಡ್ರೈಟ್‌ಗಳು ನಾಲ್ಕೇ ನಾಲ್ಕು. ಕಾರ್ಟೆಕ್ಸ್‌ನ ಒಂದು ಪಿರಮಿಡ್ ಕೋಶದ ಮೇಲೆ ಸಾವಿರಗಟ್ಟಲೆ ಸಿನಾಪ್ಸ್‌ಗಳು. ಕೋಶದ ತಲೆ ಎಣಿಸುವುದಕ್ಕಿಂತ ಅದರ ಕೊಂಬೆಗಳನ್ನು ಎಣಿಸುವುದು ಖರ್ಚಿಗೆ ಹತ್ತಿರ.

ಇನ್ನೊಂದು ಬಲೆ ಇದೆ. ಇದು ಹೊಸಬರನ್ನು ತುಂಬ ಸಲ ದಾರಿ ತಪ್ಪಿಸುತ್ತದೆ. ಕಾರ್ಟೆಕ್ಸ್‌ನ ದಪ್ಪ ಸರಾಸರಿ ಎರಡೂವರೆ ಮಿಲಿಮೀಟರ್. ರಕ್ತದ ಹರಿವಿನ ಚಿತ್ರದ ಚುಕ್ಕಿ ಮೂರು-ನಾಲ್ಕು ಮಿಲಿಮೀಟರ್. ಅಂದರೆ ಚುಕ್ಕಿಯೊಳಗೆ ಕಾರ್ಟೆಕ್ಸ್ ಜೊತೆಗೆ ಮಿದುಳಿನ ಸುತ್ತಲಿನ ದ್ರವವೂ ಸೇರಿಕೊಳ್ಳುತ್ತದೆ. ದ್ರವದಲ್ಲಿ ಕೋಶವೂ ಇಲ್ಲ, ರಕ್ತವೂ ಇಲ್ಲ. ದ್ರವ ಜಾಸ್ತಿ ಸೇರಿದ ಚುಕ್ಕಿಯಲ್ಲಿ ಎರಡೂ ಅಂಕಿ ಒಟ್ಟಿಗೇ ಇಳಿಯುತ್ತವೆ. ರಚನೆಗೂ ಶಕ್ತಿಗೂ ಸುಂದರ ಸಂಬಂಧ ಕಾಣುತ್ತದೆ, ಆದರೆ ಅದು ದ್ರವದಿಂದ ಹುಟ್ಟಿದ ಸಂಬಂಧ. ವಯಸ್ಸಾದವರಲ್ಲಿ ಕಾರ್ಟೆಕ್ಸ್ ತೆಳುವಾಗುವುದರಿಂದ ಇದು ಇನ್ನೂ ಜಾಸ್ತಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳ ಹಿರಿಯರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ವರ್ಷಗಳಿಂದ ಎಂಆರ್‌ಐ ಸಹಿತ ಅಧ್ಯಯನ ಮಾಡುತ್ತಿದ್ದಾರೆ. ಅಂಥ ದೊಡ್ಡ ಅಧ್ಯಯನಗಳಲ್ಲಿ ಈ ತಿದ್ದುಪಡಿ ಇಲ್ಲದೆ ಒಂದು ಹೆಜ್ಜೆಯೂ ಇಡಬಾರದು.

ಇಷ್ಟೆಲ್ಲ ಎಚ್ಚರಿಕೆ ಹೇಳಿದ ಮೇಲೆ ಈ ಕೆಲಸದ ಬಗ್ಗೆ ನನಗೆ ಇಷ್ಟು ಭರವಸೆ ಯಾಕೆ ಎಂದು ಕೇಳಬಹುದು. ಉತ್ತರ ಸ್ಟ್ರೋಕ್‌ನಲ್ಲಿದೆ.

1990ರಲ್ಲಿ ಮೈಕೆಲ್ ಮೋಸ್ಲಿ ಮತ್ತು ಜೊತೆಗಾರರು ಬೆಕ್ಕುಗಳ ಮಿದುಳಿನ ರಕ್ತನಾಳ ಕಟ್ಟಿ ಡಿಫ್ಯೂಷನ್ ಎಂಆರ್‌ಐ ಮಾಡಿದರು. ಬೇರೆ ಯಾವ ಎಂಆರ್‌ಐ ಚಿತ್ರದಲ್ಲೂ ಏನೂ ಕಾಣದ ಹೊತ್ತಿನಲ್ಲಿ ಡಿಫ್ಯೂಷನ್ ಚಿತ್ರದಲ್ಲಿ ಆ ಜಾಗ ಬೆಳಗಿತು. ರಕ್ತ ನಿಂತರೆ ಎಟಿಪಿ ಇಲ್ಲ, ಪಂಪ್ ನಿಲ್ಲುತ್ತದೆ, ಸೋಡಿಯಂ ಜೊತೆಗೆ ನೀರು ಒಳನುಗ್ಗುತ್ತದೆ, ಕೋಶ ಊದಿಕೊಳ್ಳುತ್ತದೆ, ನೀರಿನ ಅಲೆದಾಟ ಕುಗ್ಗುತ್ತದೆ. ಶಕ್ತಿ ಹೋದದ್ದು ರಚನೆಯಲ್ಲಿ ನಿಮಿಷಗಳಲ್ಲೇ ಬರೆಯಲ್ಪಡುತ್ತದೆ. ಇನ್ನೂ ಮುಖ್ಯವಾದದ್ದು ಅದರ ಸುತ್ತಲಿನ ಜಾಗ. ಹರಿವು 100 ಗ್ರಾಂಗೆ ನಿಮಿಷಕ್ಕೆ ಸುಮಾರು 20 ಮಿಲಿಲೀಟರ್‌ಗಿಂತ ಕೆಳಗೆ ಬಂದರೆ ನರಕೋಶಗಳು ಸಂದೇಶ ಕಳಿಸುವುದನ್ನು ನಿಲ್ಲಿಸುತ್ತವೆ. 10ರ ಹತ್ತಿರ ಬಂದರೆ ಪಂಪ್ ಕೂಡ ನಿಲ್ಲುತ್ತದೆ. ಈ ಎರಡರ ನಡುವೆ ಇರುವ ಅಂಗಾಂಶ ಕೆಲಸ ಮಾಡುವುದಿಲ್ಲ, ಸತ್ತೂ ಇಲ್ಲ. ಅಲ್ಲಿ ಹರಿವಿನ ಚಿತ್ರ ಕೆಟ್ಟಿರುತ್ತದೆ, ಡಿಫ್ಯೂಷನ್ ಚಿತ್ರ ಚೆನ್ನಾಗಿರುತ್ತದೆ. ಈ ಹೊಂದಾಣಿಕೆ ಇಲ್ಲದ ಜಾಗವನ್ನು ಸ್ಕ್ಯಾನ್‌ನಲ್ಲಿ ಗುರುತಿಸಿ ರೋಗಿಗಳನ್ನು ಆಯ್ದುಕೊಂಡರೆ, ಸ್ಟ್ರೋಕ್ ಆಗಿ 6ರಿಂದ 16 ಗಂಟೆಗಳ ನಡುವೆಯೂ ಹೆಪ್ಪುಗಟ್ಟಿದ ರಕ್ತವನ್ನು ತೆಗೆಯುವುದರಿಂದ ಪ್ರಯೋಜನ ಇದೆ ಎಂದು 2018ರಲ್ಲಿ ಪ್ರಕಟವಾದ ‘ಡಿಫ್ಯೂಸ್ 3’ ಪರೀಕ್ಷೆ ತೋರಿಸಿತು. ರಚನೆ ಮತ್ತು ಶಕ್ತಿಯ ನಡುವಿನ ಬಿರುಕನ್ನು ಓದಿ ಜೀವ ಉಳಿಸುವ ಕೆಲಸ ಆಗಲೇ ನಡೆಯುತ್ತಿದೆ.

ಎಂಎಸ್‌ನಲ್ಲಿ ಇದೇ ಕಥೆ ನಿಧಾನವಾಗಿ, ವರ್ಷಗಟ್ಟಲೆ ನಡೆಯುತ್ತದೆ ಎಂದು ನಂಬಲು ಕಾರಣಗಳಿವೆ. ಆಕ್ಸಾನ್‌ನ ಮೇಲಿನ ಹೊದಿಕೆಯಾದ ಮಯಲಿನ್ ಹೋದರೆ ಸೋಡಿಯಂ ಚಾನೆಲ್‌ಗಳು ಅದರ ಉದ್ದಕ್ಕೂ ಹರಡಿಕೊಳ್ಳುತ್ತವೆ. ಪ್ರತಿ ಸಂದೇಶಕ್ಕೂ ಜಾಸ್ತಿ ಸೋಡಿಯಂ ಒಳಬರುತ್ತದೆ, ಪಂಪ್‌ಗೆ ಜಾಸ್ತಿ ಎಟಿಪಿ ಬೇಕಾಗುತ್ತದೆ. ಅದೇ ಹೊತ್ತಿಗೆ ಉರಿಯೂತದಿಂದ ಮೈಟೊಕಾಂಡ್ರಿಯಾ ಪೆಟ್ಟು ತಿಂದಿರುತ್ತವೆ. ಬೇಡಿಕೆ ಏರಿದೆ, ಪೂರೈಕೆ ಇಳಿದಿದೆ. 2012ರಲ್ಲಿ ನ್ಯೂಯಾರ್ಕ್‌ನ ಸಂಶೋಧಕರು ಎಂಎಸ್ ಇರುವವರ ಇಡೀ ಮಿದುಳಿನ ಆಕ್ಸಿಜನ್ ಬಳಕೆಯನ್ನು ಎಂಆರ್‌ಐನಿಂದ ಅಳೆದು, ಆರೋಗ್ಯವಂತರಿಗಿಂತ ಅದು ಕಡಿಮೆ ಎಂದು ತೋರಿಸಿದರು. ಸೋಡಿಯಂ ಎಂಆರ್‌ಐ ಅಧ್ಯಯನಗಳಲ್ಲಿ ಮಿದುಳಿನ ಸೋಡಿಯಂ ಜಾಸ್ತಿ ಎಂದು ಬಂದಿದೆ, ಲೀಶನ್ ಕಾಣದ ಭಾಗಗಳಲ್ಲೂ. ಆದರೆ ಆಕ್ಸಿಜನ್ ಬಳಕೆ ಕಡಿಮೆ ಎಂಬ ಒಂದೇ ಅಂಕಿಯಿಂದ ಹೆಚ್ಚು ತಿಳಿಯುವುದಿಲ್ಲ. ನರಕೋಶಗಳೇ ಸತ್ತು ಖರ್ಚು ಕಡಿಮೆ ಆಯಿತೇ? ಇರುವ ಕೋಶಗಳು ಬಳಲಿ ಕಡಿಮೆ ಆಯಿತೇ? ಹೋದ ಕೋಶ ವಾಪಸ್ ಬರುವುದಿಲ್ಲ, ಬಳಲಿದ ಕೋಶಕ್ಕೆ ಔಷಧಿ ಹುಡುಕಬಹುದು. ಈ ಎರಡನ್ನು ಬೇರೆ ಮಾಡಲು ರಚನೆಯ ನಕ್ಷೆ ಬೇಕೇ ಬೇಕು. ಅದಕ್ಕಾಗಿಯೇ ಒಂದೇ ಸಲಕ್ಕೆ ಎರಡನ್ನೂ ಅಳೆಯುವ ಪ್ರಯತ್ನಗಳು ನನಗೆ ಇಷ್ಟು ಮುಖ್ಯ ಅನಿಸುವುದು. ಪೆಟ್‌ನಂತೆ ಇದರಲ್ಲಿ ವಿಕಿರಣ ಇಲ್ಲ, ಒಬ್ಬರನ್ನೇ ವರ್ಷ ವರ್ಷ ನೋಡಬಹುದು.

ಇನ್ನೂ ಮುಂದೆ ಹೋದವರು ಪಂಪ್ ಕೆಲಸ ಮಾಡುವಾಗ ಕೋಶದ ಗೋಡೆ ದಾಟಿ ಹೋಗಿಬರುವ ನೀರನ್ನೇ ಅಳೆಯಬಹುದೇ ಎಂದು ನೋಡುತ್ತಿದ್ದಾರೆ. ಡಿಫ್ಯೂಷನ್ ಲೆಕ್ಕದಲ್ಲಿ ಈ ಓಡಾಟವನ್ನು ನಾವು ಇಷ್ಟು ದಿನ ತೊಡಕು ಎಂದುಕೊಂಡಿದ್ದೆವು. ಅದರಲ್ಲೇ ಶಕ್ತಿಯ ಸುಳಿವಿದ್ದರೆ ಒಂದೇ ಸ್ಕ್ಯಾನ್‌ನಲ್ಲಿ ರಚನೆಯೂ ಶಕ್ತಿಯೂ ಸಿಗುತ್ತದೆ. ಆ ಓಡಾಟದಲ್ಲಿ ಪಂಪ್‌ನ ಪಾಲೆಷ್ಟು, ಸುಮ್ನೆ ಸೋರುವುದೆಷ್ಟು ಎಂಬ ಚರ್ಚೆ ಬಿಸಿಯಾಗಿ ನಡೆದಿದೆ. ಗ್ಲೂಕೋಸ್‌ನಲ್ಲಿ ಹೈಡ್ರೋಜನ್ ಬದಲು ಡ್ಯೂಟೀರಿಯಂ (ಭಾರವಾದ ಹೈಡ್ರೋಜನ್) ಸೇರಿಸಿ, ಕುಡಿಸಿ, ಅದು ಮಿದುಳಿನಲ್ಲಿ ಏನಾಗುತ್ತದೆ ಎಂದು ನೋಡುವ ವಿಧಾನವನ್ನು 2018ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ತೋರಿಸಿದರು. ಅದರಲ್ಲಿ ಚುಕ್ಕಿಗಳು ದೊಡ್ಡವು, ಆದರೆ ರಕ್ತವನ್ನು ಬಿಟ್ಟು ಮಿದುಳಿನ ರಸಾಯನವನ್ನೇ ನೋಡುತ್ತದೆ.

ನಿಮ್ಮ ತಂಗಿಗೆ ಇವತ್ತು ಏನು? ಇವು ಇನ್ನೂ ಸಂಶೋಧನೆಯ ಅಳತೆಗಳು. ನೂರು ಜನರ ಗುಂಪನ್ನು ಇನ್ನೊಂದು ಗುಂಪಿಗೆ ಹೋಲಿಸಲು ಸಾಕಾಗುತ್ತವೆ. ಒಬ್ಬರ ಚಿಕಿತ್ಸೆ ನಿರ್ಧರಿಸುವಷ್ಟು ಗಟ್ಟಿ ಇಲ್ಲ. ಹಾಗಾಗಿ ದುಡ್ಡು ಕೊಟ್ಟು ಇಂಥ ಸ್ಕ್ಯಾನ್ ಹುಡುಕಿಕೊಂಡು ಹೋಗಬೇಡಿ. ಯಾವುದಾದರೂ ಸಂಸ್ಥೆಯ ಅಧ್ಯಯನಕ್ಕೆ ಕರೆದರೆ, ಅವಳಿಗೆ ಮನಸ್ಸಿದ್ದರೆ, ಹೋಗಿ ಬರಲಿ. ಅವಳ ನಂತರ ಬರುವ ರೋಗಿಗಳಿಗೆ ಅದರಿಂದ ನಿಜವಾಗಿ ಸಹಾಯ ಆಗುತ್ತದೆ. ಈಗ ಮುಂದಿನ ಭೇಟಿಯಲ್ಲಿ ಡಾಕ್ಟರ್ ಹತ್ತಿರ ಸುಸ್ತನ್ನೇ ಮುಖ್ಯ ದೂರಾಗಿ ಹೇಳಿ, ರಿಪೋರ್ಟ್ ಚೆನ್ನಾಗಿದೆ ಎಂದು ಮಾತು ಅಲ್ಲಿಗೇ ಮುಗಿಯಲು ಬಿಡಬೇಡಿ. ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12, ವಿಟಮಿನ್ ಡಿ ನೋಡಿಸಿ. ನಿದ್ದೆ ಹೇಗಿದೆ, ಮನಸ್ಸು ಕುಗ್ಗಿದೆಯೇ, ಈಗಿನ ಯಾವುದಾದರೂ ಮಾತ್ರೆಯಿಂದ ಸುಸ್ತು ಬರುತ್ತಿದೆಯೇ ಎಂದು ಕೇಳಿ. ಬಿಸಿಲಿಗೆ, ಜ್ವರಕ್ಕೆ ಸುಸ್ತು ಜಾಸ್ತಿ ಆಗುತ್ತದೆಯೇ ಎಂದೂ ಹೇಳಿ, ಮಯಲಿನ್ ಕಳೆದುಕೊಂಡ ನರ ಬಿಸಿಯನ್ನು ತಾಳಿಕೊಳ್ಳುವುದಿಲ್ಲ. ಅವಳ ಅಳತೆಗೆ ತಕ್ಕ, ಸ್ವಲ್ಪ ಸ್ವಲ್ಪವೇ ಏರಿಸುವ ವ್ಯಾಯಾಮದಿಂದ ಎಂಎಸ್ ಸುಸ್ತು ಕಡಿಮೆ ಆಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರ ಇದೆ. ಅದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ ಶುರು ಮಾಡಿ.